ಲ್ಯಾಪ್‌ಟಾಪ್ ನುಡಿಸೋದು ಅಂದ್ರೆ ಏನು?

ವೇದಿಕೆ ಮೇಲೆ ಒಬ್ಬರು ಲ್ಯಾಪ್‌ಟಾಪ್ ಮುಂದೆ ನಿಂತಿದ್ದಾರೆ. ಹಾಲ್ ತುಂಬಾ ಸಂಗೀತ. ಆದ್ರೆ ಅವರು ನಿಜಕ್ಕೂ ನುಡಿಸ್ತಿದ್ದಾರಾ, ಮೊದಲೇ ರೆಕಾರ್ಡ್ ಮಾಡಿದ್ದನ್ನ ಹಾಕಿ ನಿಂತಿದ್ದಾರಾ, ಇಲ್ಲಾ ಇಮೇಲ್ ನೋಡ್ತಿದ್ದಾರಾ? ಜೋಕ್ ಹಳೇದು, ಅನುಮಾನ ಮಾತ್ರ ನ್ಯಾಯವಾದದ್ದೇ. ವೀಣೆಯಲ್ಲಿ ಮೀಟುವ ಬೆರಳು ಕಾಣುತ್ತೆ. ಇಲ್ಲಿ ಕಾಣೋದು ಪರದೆಯ ಬೆನ್ನು.

1957ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಮ್ಯಾಕ್ಸ್ ಮ್ಯಾಥ್ಯೂಸ್ ಅವರ ಪ್ರೋಗ್ರಾಂ ಐಬಿಎಂ 704 ಯಂತ್ರದಿಂದ 17 ಸೆಕೆಂಡಿನ ಸಂಗೀತ ಹೊರಡಿಸಿತು. ಆದ್ರೆ ಅದು ಕಛೇರಿ ಅಲ್ಲ. ಯಂತ್ರ ಲೆಕ್ಕ ಮಾಡಿ ಮುಗಿಸಬೇಕು, ಆಮೇಲೆ ನಾವು ಕೇಳಬೇಕು.

ನನ್ನ ಪ್ರಕಾರ ನಿಜವಾದ ಕಥೆ ಶುರುವಾಗೋದು ಕ್ಯಾಲಿಫೋರ್ನಿಯಾದಲ್ಲಿ, 1978ರ ಸುಮಾರಿಗೆ. ಜಿಮ್ ಹಾರ್ಟನ್, ಜಾನ್ ಬಿಷಫ್, ರಿಚ್ ಗೋಲ್ಡ್ ಸೇರಿ ಒಂದು ತಂಡ ಕಟ್ಟಿದ್ರು. ಹೆಸರು ಲೀಗ್ ಆಫ್ ಆಟೊಮ್ಯಾಟಿಕ್ ಮ್ಯೂಸಿಕ್ ಕಂಪೋಸರ್ಸ್. ಕೈಯಲ್ಲಿದ್ದದ್ದು ಕಿಮ್-1 ಅನ್ನೋ ಬರೀ ಸರ್ಕ್ಯೂಟ್ ಬೋರ್ಡು, ಮೆಮೊರಿ ಹೆಚ್ಚುಕಮ್ಮಿ 1 ಕಿಲೋಬೈಟ್! ನಿಮ್ಮ ಫೋನಿನ ಒಂದು ಫೋಟೊ ಅದರಲ್ಲಿ ಹಿಡಿಸಲ್ಲ. ಈ ಬೋರ್ಡುಗಳಿಗೆ ವೈರ್ ಎಳೆದು ಒಂದಕ್ಕೊಂದು ಜೋಡಿಸಿದ್ರು. ಒಂದರಿಂದ ಹೊರಟ ಸಂಖ್ಯೆ ಇನ್ನೊಂದರ ಸಂಗೀತವನ್ನ ಬದಲಾಯಿಸೋದು. 1979ರಲ್ಲಿ ಬರ್ಕ್ಲಿಯ ಫಿನ್ನಿಷ್ ಹಾಲ್‌ನಲ್ಲಿ ಎರಡು ವಾರಕ್ಕೊಮ್ಮೆ, ಭಾನುವಾರ ಮಧ್ಯಾಹ್ನ, ಇವನ್ನೆಲ್ಲ ಹರವಿಕೊಂಡು ಕೂರ್ತಿದ್ರು. ಬಂದವರು ಕೇಳಬಹುದು, ಪ್ರಶ್ನೆ ಹಾಕಬಹುದು, ಬೇಜಾರಾದ್ರೆ ಎದ್ದು ಹೋಗಬಹುದು. ಮುಚ್ಚುಮರೆ ಇರಲಿಲ್ಲ.

ಮುಂದೆ ಪ್ಯಾರಿಸ್‌ನ ಇರ್ಕಾಮ್ ಸಂಸ್ಥೆಯಲ್ಲಿ ಮಿಲರ್ ಪಕೆಟ್ ಒಂದು ಸಾಫ್ಟ್‌ವೇರ್ ಬರೆದು, ಅದೇ ಮ್ಯಾಥ್ಯೂಸ್ ಗೌರವಕ್ಕೆ 'ಮ್ಯಾಕ್ಸ್' ಅಂತ ಹೆಸರಿಟ್ರು. 1988ರಲ್ಲಿ ಫಿಲಿಪ್ ಮನೂರಿ ಅವರ 'ಪ್ಲುಟನ್' ಕೃತಿಯಲ್ಲಿ ಪಿಯಾನೊ ನುಡಿಸಿದಂತೆಲ್ಲ ಕಂಪ್ಯೂಟರ್ ಉತ್ತರ ಕೊಟ್ಟಿತು. 90ರ ದಶಕದ ಕೊನೆಗೆ ಲ್ಯಾಪ್‌ಟಾಪ್ ತಾನೇ ನಾದ ಹುಟ್ಟಿಸುವಷ್ಟು ವೇಗ ಪಡೀತು. 2001ರಲ್ಲಿ ಬರ್ಲಿನ್‌ನಿಂದ ಏಬಲ್‌ಟನ್ ಲೈವ್ ಬಂತು. ಅದರ ಹೆಸರಲ್ಲೇ 'ಲೈವ್' ಇದೆ ನೋಡಿ! ಬಹುಶಃ ನಿಮ್ಮ ಸ್ನೇಹಿತರಲ್ಲೇ ಯಾರೋ ಅದನ್ನ ಬಳಸ್ತಿರಬಹುದು.

ಅಷ್ಟಾದ್ರೂ ಪರದೆ ಕಲಾವಿದರ ಕಡೆಗೇ ಇತ್ತು. 2004ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಹುಟ್ಟಿದ ಟಾಪ್‌ಲ್ಯಾಪ್ ಬಳಗ ಇದಕ್ಕೆ ಜಗಳ ತೆಗೀತು: ಪರದೆಯನ್ನ ಪ್ರೇಕ್ಷಕರಿಗೂ ತೋರಿಸಿ! ಕಲಾವಿದರು ಅಲ್ಲೇ ಕೋಡ್ ಬರೀತಾರೆ, ಅದು ಗೋಡೆ ಮೇಲೆ ಕಾಣುತ್ತೆ. ತಪ್ಪು ಬರೆದ್ರೆ ಅದೂ ಎಲ್ಲರಿಗೂ ಕಾಣುತ್ತೆ. ನನಗೆ ಇಷ್ಟವಾಗೋದು ಈ ಧೈರ್ಯ. 2012ರಲ್ಲಿ ಲಂಡನ್‌ನಲ್ಲಿ ಇದೇ ಕೋಡಿಗೆ ಜನ ಕುಣಿದ ಪಾರ್ಟಿಗೆ ಆಲ್ಗೊರೇವ್ ಅಂತ ಹೆಸರಾಯ್ತು.

ಅಲ್ಲಿ ಹೆಚ್ಚು ಬಳಕೆಯಾಗೋ ಟೈಡಲ್ ಸೈಕಲ್ಸ್ ಬರೆದವರು ಅಲೆಕ್ಸ್ ಮೆಕ್ಲೀನ್. ಅದರಲ್ಲಿ ತಾಳದ ಪಟ್ಟುಗಳನ್ನ ಅಕ್ಷರಗಳಲ್ಲಿ ಬರೆಯೋ ಕ್ರಮಕ್ಕೆ ಒಂದು ಪ್ರೇರಣೆ ಬೋಲ್ ಪ್ರೊಸೆಸರ್. ನಮ್ಮ ಕೊನ್ನಕ್ಕೋಲಿನ ಸೊಲ್ಲುಗಳಂತೆ ತಬಲಾಕ್ಕೆ ಬೋಲ್‌ಗಳಿವೆಯಲ್ಲ, ಅವುಗಳ ವ್ಯಾಕರಣ ಹಿಡಿಯೋಕೆ 80ರ ದಶಕದಲ್ಲಿ ಬರ್ನಾರ್ಡ್ ಬೆಲ್ ಮತ್ತು ಜಿಮ್ ಕಿಪ್ಪನ್ ಮಾಡಿದ ಪ್ರೋಗ್ರಾಂ ಅದು. ಕಿಪ್ಪನ್ ಲಖನೌ ಘರಾನೆಯ ಉಸ್ತಾದ್ ಅಫಾಕ್ ಹುಸೇನ್ ಖಾನ್ ಅವರ ಶಿಷ್ಯ. ಯಂತ್ರ ಹೊಸ ಪಟ್ಟು ಕಟ್ಟೋದು, ತಬಲಾ ಬಲ್ಲವರು ಕೇಳಿ ಸರಿ ಅಥವಾ ತಪ್ಪು ಅನ್ನೋರು, ತಪ್ಪು ಅಂದಾಗ ಪ್ರೋಗ್ರಾಂ ತಿದ್ದಿಸಿಕೊಳ್ಳಬೇಕಿತ್ತು.