ಎರಡು ಭಾಷೆಯ ಮನೆಗಳು ಮತ್ತು ವೃತ್ತಿ ಪರೀಕ್ಷೆಗಳು: ಒಂದು ಚಾರಿತ್ರಿಕ ಅವಲೋಕನ

ಪ್ರೌಢಶಾಲೆಯ ಕೊನೆಯ ಹಂತದಲ್ಲಿರುವ ವಿದ್ಯಾರ್ಥಿ ಮುಂದೆ ಯಾವ ಶಿಕ್ಷಣವನ್ನು, ಯಾವ ವೃತ್ತಿಯನ್ನು ಆಯ್ದುಕೊಳ್ಳಬಹುದೆಂದು ಸೂಚಿಸುವ ಪರೀಕ್ಷೆಗಳು ಈಗ ನಮ್ಮ ಶಾಲೆಗಳಿಗೂ ಬಂದಿವೆ. ಸಾಮರ್ಥ್ಯವನ್ನೂ ಅಭಿರುಚಿಯನ್ನೂ ಅಂಕಿಗಳಲ್ಲಿ ಹೇಳುವ ಕಾರಣಕ್ಕೆ ಅವು ಪಕ್ಷಪಾತವಿಲ್ಲದ ಅಳತೆಗೋಲುಗಳೆಂಬ ಭಾವನೆ ಬಲವಾಗಿದೆ. ಆದರೆ ಒಂದು ಸಮಾಜದಿಂದ ಇನ್ನೊಂದಕ್ಕೆ ಸಾಗುವಾಗ ಈ ಅಳತೆಗೋಲುಗಳು ಎಡವಿದ್ದು ಹೆಚ್ಚಾಗಿ ಭಾಷೆಯ ವಿಷಯದಲ್ಲಿ ಎಂಬುದನ್ನು ಅವುಗಳ ಚರಿತ್ರೆ ತೋರಿಸುತ್ತದೆ. ಮನೆಯಲ್ಲಿ ಒಂದು, ಬೀದಿಯಲ್ಲಿ ಇನ್ನೊಂದು ನುಡಿಯನ್ನಾಡುವ ಗಡಿನಾಡ ಕನ್ನಡಿಗರಿಗೆ ಈ ಚರಿತ್ರೆ ದೂರದ್ದಲ್ಲ.

ವೃತ್ತಿ ಮಾರ್ಗದರ್ಶನವು ವ್ಯವಸ್ಥಿತ ರೂಪ ಪಡೆದದ್ದು ಅಮೆರಿಕದ ಬಾಸ್ಟನ್ ನಗರದಲ್ಲಿ. ಅಲ್ಲಿ ಫ್ರಾಂಕ್ ಪಾರ್ಸನ್ಸ್ 1908ರಲ್ಲಿ ವೃತ್ತಿ ಸಲಹಾ ಕೇಂದ್ರವೊಂದನ್ನು ಆರಂಭಿಸಿದರು. ಅವರ ಮರಣಾನಂತರ 1909ರಲ್ಲಿ ಪ್ರಕಟವಾದ ‘ಚೂಸಿಂಗ್ ಎ ವೊಕೇಷನ್’ ಗ್ರಂಥದ ಸೂತ್ರ ಸರಳವಾದುದು: ತನ್ನನ್ನು ಅರಿಯುವುದು, ಕೆಲಸಗಳನ್ನು ಅರಿಯುವುದು, ಇವೆರಡರ ಹೊಂದಾಣಿಕೆಯನ್ನು ವಿವೇಚಿಸುವುದು. ವ್ಯಕ್ತಿಯು ತನ್ನ ವೃತ್ತಿಯನ್ನು ತಾನೇ ಆಯ್ದುಕೊಳ್ಳಬಲ್ಲನೆಂಬ ಗ್ರಹಿಕೆ ಈ ಸೂತ್ರದ ಬುನಾದಿಯಾಗಿದೆ.

1917ರಲ್ಲಿ ಅಮೆರಿಕವು ಮಹಾಯುದ್ಧಕ್ಕೆ ಇಳಿದಾಗ, ಸೇನೆಗೆ ಸೇರಿದವರನ್ನು ವಿಂಗಡಿಸಿ ತಕ್ಕ ಕೆಲಸಕ್ಕೆ ನೇಮಿಸಲು ನೆರವಾಗಲೆಂದು ರಾಬರ್ಟ್ ಯರ್ಕ್ಸ್ ಮತ್ತು ಸಂಗಡಿಗರು ಎರಡು ಪರೀಕ್ಷೆಗಳನ್ನು ಸಿದ್ಧಪಡಿಸಿದರು. ಇಂಗ್ಲಿಷ್ ಓದಬಲ್ಲವರಿಗೆ ‘ಆಲ್ಫಾ’, ಓದಲಾರದವರಿಗೆ ‘ಬೀಟಾ’. 17 ಲಕ್ಷಕ್ಕೂ ಹೆಚ್ಚು ಜನ ಇವುಗಳಿಗೆ ಒಳಗಾದರು. ಬೀಟಾದಲ್ಲಿ ಅಕ್ಷರಗಳ ಬದಲು ಚಿತ್ರಗಳಿದ್ದವು, ಸೂಚನೆಗಳನ್ನು ಸನ್ನೆಯಲ್ಲಿ ಕೊಡಲಾಗುತ್ತಿತ್ತು. ಆದರೆ ಆ ಚಿತ್ರಗಳಲ್ಲಿದ್ದುದು ಬಲೆಯಿಲ್ಲದ ಟೆನಿಸ್ ಅಂಗಳ, ಕಹಳೆಯಿಲ್ಲದ ಗ್ರಾಮಫೋನು ಮೊದಲಾದವು. ಕೊರತೆ ಏನೆಂದು ಗುರುತಿಸಬೇಕಿತ್ತು. ಟೆನಿಸ್ ಆಟವನ್ನೇ ಕಂಡಿರದ ವಲಸೆಗಾರನ ಅಪರಿಚಯವು ಇಲ್ಲಿ ಬುದ್ಧಿಯ ಕೊರತೆಯಾಗಿ ದಾಖಲಾಯಿತು.

ಮನಶ್ಶಾಸ್ತ್ರಜ್ಞ ಕಾರ್ಲ್ ಬ್ರಿಗಮ್ ಇದೇ ಅಂಕಗಳನ್ನು ಆಧರಿಸಿ, ದಕ್ಷಿಣ ಮತ್ತು ಪೂರ್ವ ಯೂರೋಪಿನ ವಲಸೆಗಾರರು ಬುದ್ಧಿಯಲ್ಲಿ ಕೆಳಗಿನವರೆಂದು 1923ರಲ್ಲಿ ಪ್ರತಿಪಾದಿಸಿದರು. ಏಳು ವರ್ಷಗಳ ತರುವಾಯ, 1930ರಲ್ಲಿ, ಆ ವಾದವನ್ನು ಅವರೇ ಹಿಂತೆಗೆದುಕೊಂಡರು. ಪರೀಕ್ಷೆಯ ಭಾಷೆಯನ್ನು ಕಲಿಯುವ ಸಮಾನ ಅವಕಾಶ ಎಲ್ಲರಿಗೂ ಇದ್ದಾಗ ಮಾತ್ರ ಹೋಲಿಕೆ ಸಲ್ಲುತ್ತದೆ. ಆ ಭಾಷೆ ಬಳಕೆಯಲ್ಲಿಲ್ಲದ ಅಥವಾ ಎರಡು ಭಾಷೆಗಳು ಬಳಕೆಯಲ್ಲಿರುವ ಮನೆಗಳಲ್ಲಿ ಬೆಳೆದವರ ವಿಷಯದಲ್ಲಿ ಸಲ್ಲದು ಎಂಬುದು ಅವರು ತಲುಪಿದ ನಿಲುವು. ಗಡಿನಾಡಿನ ಬಹುಪಾಲು ಮನೆಗಳ ಸ್ಥಿತಿ ಇದೇ ಆಗಿದೆ.

ನಮ್ಮಲ್ಲಿ ಈ ಪ್ರಶ್ನೆಯನ್ನು ಮೊದಲೇ ಎದುರಿಸಿದವರಲ್ಲಿ ವಿ. ವಿ. ಕಾಮತ್ ಒಬ್ಬರು. ಪ್ಯಾರಿಸ್ಸಿನಲ್ಲಿ 1905ರಲ್ಲಿ ರೂಪುಗೊಂಡ ಬಿನೆ ಬುದ್ಧಿಮಾಪಕವನ್ನು ಅವರು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಪರಿಷ್ಕರಿಸಿ 1934ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದರು. 1940ರಲ್ಲಿ ಅದು ಗ್ರಂಥರೂಪದಲ್ಲಿ ಬಂತು. ಕನ್ನಡವೂ ಮರಾಠಿಯೂ ಒಂದೇ ಮುಂಬಯಿ ಪ್ರಾಂತದ ಭಾಷೆಗಳಾಗಿದ್ದ ಕಾಲದ ಈ ಕೆಲಸವು ಬುದ್ಧಿಯನ್ನು ಅಳೆಯಲು ಹೊರಟದ್ದು, ವೃತ್ತಿಯನ್ನಲ್ಲ. ಆದರೂ ಅದರ ಪಾಠ ಎರಡಕ್ಕೂ ಅನ್ವಯಿಸುತ್ತದೆ: ಪ್ರಶ್ನೆಗಳನ್ನು ಭಾಷಾಂತರಿಸಿದರೆ ಸಾಲದು, ಆ ಭಾಷೆಯ ಮಕ್ಕಳ ಮೇಲೆಯೇ ಪ್ರಯೋಗಿಸಿ ಮಾನಕಗಳನ್ನು ನಿಗದಿಪಡಿಸಬೇಕು.

ಸ್ವಾತಂತ್ರ್ಯಾನಂತರ ಮುದಲಿಯಾರ್ ಆಯೋಗವು (1952-53) ಪ್ರೌಢಶಾಲೆಗಳಲ್ಲಿ ಶೈಕ್ಷಣಿಕ ಮತ್ತು ವೃತ್ತಿ ಮಾರ್ಗದರ್ಶನಕ್ಕೆ ಒತ್ತು ನೀಡಿತು. 1954ರಲ್ಲಿ ಇದಕ್ಕೆಂದೇ ದೆಹಲಿಯಲ್ಲಿ ಕೇಂದ್ರ ಸಂಸ್ಥೆಯೊಂದು ಸ್ಥಾಪನೆಯಾಯಿತು. ಎರಡೇ ವರ್ಷಗಳಲ್ಲಿ ರಾಜ್ಯಗಳು ಪುನರ್ವಿಂಗಡಣೆಗೊಂಡವು. ಆಗ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಬೋಧಿಸುವ ಸೌಲಭ್ಯವನ್ನು ಕುರಿತದ್ದಾದರೂ ಪ್ರಾಥಮಿಕ ಹಂತಕ್ಕೆ ಸೀಮಿತವಾದುದು. ವೃತ್ತಿ ಪರೀಕ್ಷೆ ಎದುರಾಗುವುದು ಪ್ರೌಢಶಾಲೆಯಲ್ಲಿ. ಹೀಗೆ ಭಾಷೆಯ ರಕ್ಷಣೆ ಮುಗಿಯುವ ಹಂತದ ಆಚೆಗೆ ಭವಿಷ್ಯದ ಅಳತೆ ಆರಂಭವಾಗುತ್ತದೆ. ತಾಳವಾಡಿಯ ಅಥವಾ ಅಕ್ಕಲಕೋಟೆಯ ವಿದ್ಯಾರ್ಥಿ ತಮಿಳಿನಲ್ಲೋ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಪರೀಕ್ಷೆ ಬರೆದು ‘ಭಾಷಾ ಸಾಮರ್ಥ್ಯ’ದಲ್ಲಿ ಕಡಿಮೆ ಅಂಕ ಪಡೆದರೆ, ಅದು ಯಾವ ಭಾಷೆಯ ಸಾಮರ್ಥ್ಯವೆಂದು ಫಲಿತಾಂಶದ ಹಾಳೆ ಹೇಳಬೇಕು.

ಕನ್ನಡದಲ್ಲಿಯೇ ಪರೀಕ್ಷೆ ನಡೆಸಿದರೂ ತೊಡಕು ಪೂರ್ತಿ ನೀಗದು. 1927ರಲ್ಲಿ ಎಡ್ವರ್ಡ್ ಸ್ಟ್ರಾಂಗ್ ರಚಿಸಿದ ಅಭಿರುಚಿ ಪ್ರಶ್ನಾವಳಿಯು ವೃತ್ತಿಗಳ ಹೆಸರನ್ನು ಕೊಟ್ಟು ‘ಇಷ್ಟ’, ‘ಉದಾಸೀನ’, ‘ಇಷ್ಟವಿಲ್ಲ’ ಎಂಬ ಉತ್ತರಗಳನ್ನು ಬಯಸುತ್ತಿತ್ತು. ಅದು ಮೊದಲು ಗಂಡಸರಿಗಾಗಿ ರಚಿತವಾದುದು. ಹೆಂಗಸರ ಪ್ರಶ್ನಾವಳಿ 1933ರಲ್ಲಿ ಬಂತು. ತನ್ನ ಸಮಾಜದ ವಿಂಗಡಣೆಯನ್ನು ಅದು ಹಾಗೆಯೇ ಒಳಗೊಂಡಿತ್ತು. ನಮ್ಮಲ್ಲಿ ‘ಕಸುಬು’ ಎಂದೊಡನೆ ಕುಲದ ನೆನಪು ಸುಳಿಯುತ್ತದೆ, ‘ಕಾಯಕ’ ಎಂಬಲ್ಲಿ ಶರಣರ ಮೌಲ್ಯವಿದೆ, ‘ಉದ್ಯೋಗ’ವೆಂದರೆ ಸಂಬಳದ ನೌಕರಿ. ಮರಗೆಲಸವನ್ನು ಒಲ್ಲೆನೆನ್ನುವ ಬಡಗಿಯ ಮಗನು ತನ್ನ ಅಭಿರುಚಿಯನ್ನು ಹೇಳುತ್ತಿರಬಹುದು, ಇಲ್ಲವೇ ಕುಲಕಸುಬಿನ ಕಟ್ಟಿನಿಂದ ಬಿಡುಗಡೆಯನ್ನು ಬಯಸುತ್ತಿರಬಹುದು. ಪ್ರಶ್ನಾವಳಿಗೆ ಈ ಎರಡೂ ಒಂದೇ ಗುರುತು.

ಆದುದರಿಂದ ಈ ಪರೀಕ್ಷೆಗಳನ್ನು ತಿರಸ್ಕರಿಸಬೇಕೆಂದಲ್ಲ. ಮಾರ್ಗದರ್ಶನ ವಿರಳವಾಗಿರುವ ಊರುಗಳಲ್ಲಿ ಅವು ಉಪಯುಕ್ತವಾಗಬಲ್ಲವು. ಆದರೆ ಎರಡು ಭಾಷೆಗಳ ನಡುವೆ ಬೆಳೆದ ಮಕ್ಕಳ ಮೇಲೆಯೇ ಪ್ರಯೋಗಿಸಿ ಅವುಗಳ ಮಾನಕಗಳನ್ನು ರೂಪಿಸಬೇಕು; ಪರೀಕ್ಷೆಯ ಭಾಷೆಯನ್ನು ಆಯ್ದುಕೊಳ್ಳುವ ಹಕ್ಕು ವಿದ್ಯಾರ್ಥಿಗಿರಬೇಕು. ಕಾಸರಗೋಡಿನಿಂದ ಸೊಲ್ಲಾಪುರದವರೆಗಿನ ಕನ್ನಡ ಶಾಲೆಗಳ ಶಿಕ್ಷಕರು ಈ ಕೆಲಸದಲ್ಲಿ ಪಾಲ್ಗೊಳ್ಳಬಲ್ಲರು. ಅಲ್ಲಿಯವರೆಗೆ, ಅಂಕಪಟ್ಟಿಯನ್ನು ತೀರ್ಪೆಂದು ಓದದೆ ವಿದ್ಯಾರ್ಥಿಯೊಡನೆ ಮಾತು ಆರಂಭಿಸಲು ಬಳಸುವುದೇ ಉಚಿತ. ಬ್ರಿಗಮ್ ಅವರಿಗೆ ತಪ್ಪನ್ನು ಒಪ್ಪಿಕೊಳ್ಳಲು ಏಳು ವರ್ಷ ಹಿಡಿಯಿತು. ಹತ್ತನೆಯ ತರಗತಿಯ ವಿದ್ಯಾರ್ಥಿಗೆ ಅಷ್ಟು ಕಾಲ ಕಾಯುವ ಅವಕಾಶವಿಲ್ಲ.