ಮಸಾಕಾಜು ಕೊನಿಶಿ

ಮಸಾಕಾಜು ಕೊನಿಶಿ (ಫೆಬ್ರವರಿ ೧೭, ೧೯೩೩ – ಜುಲೈ ೨೩, ೨೦೨೦) ಜಪಾನಿನಲ್ಲಿ ಜನಿಸಿ ಅಮೆರಿಕದಲ್ಲಿ ಸಂಶೋಧನೆ ನಡೆಸಿದ ಜೀವವಿಜ್ಞಾನಿ. ಪ್ರಾಣಿಗಳ ಸಹಜ ವರ್ತನೆಗೂ ಅವುಗಳ ಮಿದುಳಿಗೂ ಇರುವ ಸಂಬಂಧವನ್ನು ಅಭ್ಯಸಿಸುವ ನರವರ್ತನಶಾಸ್ತ್ರವನ್ನು ರೂಪಿಸಿದ ಪ್ರಮುಖರಲ್ಲಿ ಇವರೂ ಒಬ್ಬರು. ಹಾಡುಹಕ್ಕಿಗಳು ಹಾಡನ್ನು ಕಲಿಯುವ ಕ್ರಮ ಹಾಗೂ ಕಣಜಗೂಬೆಯು ಕತ್ತಲಿನಲ್ಲಿ ಸದ್ದಿನಿಂದಲೇ ಬೇಟೆಯನ್ನು ಪತ್ತೆಹಚ್ಚುವ ಕ್ರಮ, ಇವೆರಡನ್ನು ಕುರಿತ ಇವರ ಸಂಶೋಧನೆಗಳು ಪ್ರಸಿದ್ಧವಾಗಿವೆ. ಸಹೋದ್ಯೋಗಿಗಳು ಇವರನ್ನು ಮಾರ್ಕ್ ಎಂದು ಕರೆಯುತ್ತಿದ್ದರು.

ಜನನ ಮತ್ತು ವಿದ್ಯಾಭ್ಯಾಸ

ಕೊನಿಶಿಯವರು ಜಪಾನಿನ ಕ್ಯೋಟೊ ನಗರದ ನೇಕಾರ ಕುಟುಂಬವೊಂದರಲ್ಲಿ ಜನಿಸಿದರು. ಸಪೊರೊ ನಗರದಲ್ಲಿರುವ ಹೊಕ್ಕೈಡೊ ವಿಶ್ವವಿದ್ಯಾಲಯದಿಂದ ೧೯೫೬ರಲ್ಲಿ ಪದವಿಯನ್ನೂ ೧೯೫೮ರಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದರು. ಅನಂತರ ಅಮೆರಿಕಕ್ಕೆ ತೆರಳಿ, ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪಕ್ಷಿಗಳ ಹಾಡಿನ ತಜ್ಞರಾದ ಪೀಟರ್ ಮಾರ್ಲರ್ ಅವರ ಮಾರ್ಗದರ್ಶನದಲ್ಲಿ ೧೯೬೩ರಲ್ಲಿ ಡಾಕ್ಟರೇಟ್ ಗಳಿಸಿದರು. ಜರ್ಮನಿಯಲ್ಲಿ ಕೆಲಕಾಲ ಸಂಶೋಧನೆ ನಡೆಸಿದ ಮೇಲೆ ವಿಸ್ಕಾನ್ಸಿನ್ ಮತ್ತು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಗಳಲ್ಲಿ ಅಧ್ಯಾಪಕರಾಗಿದ್ದರು. ೧೯೭೫ರಲ್ಲಿ ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯನ್ನು ಸೇರಿ, ನಿವೃತ್ತಿಯವರೆಗೂ ಅಲ್ಲಿಯೇ ಪ್ರಾಧ್ಯಾಪಕರಾಗಿದ್ದರು.

ಹಾಡುಹಕ್ಕಿಗಳ ಅಧ್ಯಯನ

ವರ್ತನೆಯು ಹುಟ್ಟಿನಿಂದ ಬರುವುದೋ ಕಲಿಕೆಯಿಂದ ಬರುವುದೋ ಎಂಬುದು ಆ ಕಾಲದ ವಿಜ್ಞಾನಿಗಳಲ್ಲಿ ತೀವ್ರ ಚರ್ಚೆಯ ವಿಷಯವಾಗಿತ್ತು. ಕೊನಿಶಿಯವರು ಈ ಪ್ರಶ್ನೆಯನ್ನು ಹಕ್ಕಿಗಳ ಶ್ರವಣಶಕ್ತಿಯ ಮೂಲಕ ಪರೀಕ್ಷಿಸಿದರು. ಎಳೆಯ ವಯಸ್ಸಿನಲ್ಲಿಯೇ ಶ್ರವಣಶಕ್ತಿಯನ್ನು ತೆಗೆದರೂ ಕೋಳಿಗಳು ತಮ್ಮ ಜಾತಿಗೆ ಸಹಜವಾದ ಕೂಗುಗಳನ್ನೇ ಹೊರಡಿಸುತ್ತವೆ ಎಂಬುದನ್ನು ಅವರು ಕಂಡುಕೊಂಡರು. ಹಾಡುಹಕ್ಕಿಗಳ ವಿಷಯದಲ್ಲಿ ಫಲಿತಾಂಶ ಬೇರೆಯಾಗಿತ್ತು.

ತಲೆಯ ಮೇಲೆ ಬಿಳಿಯ ಪಟ್ಟೆಗಳಿರುವ ವೈಟ್‌ಕ್ರೌನ್ಡ್ ಸ್ಪ್ಯಾರೋ ಎಂಬ ಹಕ್ಕಿಯ ಗಂಡುಮರಿಯು ಮೊದಲು ಹಿರಿಯ ಹಕ್ಕಿಗಳ ಹಾಡನ್ನು ಕೇಳಿ ನೆನಪಿನಲ್ಲಿಟ್ಟುಕೊಳ್ಳುತ್ತದೆ. ತಿಂಗಳುಗಳ ಬಳಿಕ ತಾನೇ ಹಾಡಲು ತೊಡಗುತ್ತದೆ. ಹಾಡನ್ನು ಕೇಳಿಸಿಕೊಂಡಿದ್ದರೂ, ಹಾಡಲು ತೊಡಗುವ ಮುನ್ನವೇ ಶ್ರವಣಶಕ್ತಿ ಕಳೆದುಕೊಂಡ ಹಕ್ಕಿಗಳ ಹಾಡು ವಿಕಾರವಾಯಿತು. ಹಾಡು ಸ್ಥಿರಗೊಂಡ ಮೇಲೆ ಕಿವುಡಾದ ಹಕ್ಕಿಗಳು ಮಾತ್ರ ಸರಿಯಾಗಿ ಹಾಡುವುದನ್ನು ಮುಂದುವರಿಸಿದವು. ನೆನಪಿನಲ್ಲಿರುವ ಮಾದರಿಯೊಂದಿಗೆ ತನ್ನ ದನಿಯನ್ನು ಹೋಲಿಸಿ ತಿದ್ದಿಕೊಳ್ಳಲು ಹಕ್ಕಿಗೆ ತನ್ನ ಹಾಡು ತನಗೇ ಕೇಳಿಸಬೇಕು ಎಂದು ೧೯೬೫ರ ಈ ಅಧ್ಯಯನ ತೋರಿಸಿತು. ಕಿವಿಯಿಂದ ಕೇಳಿ ಮಾತು ಕಲಿಯುವ ಮಾನವ ಶಿಶುವಿನ ಕಲಿಕೆಯೊಡನೆ ಹಕ್ಕಿಗಳ ಹಾಡಿನ ಕಲಿಕೆಯನ್ನು ಹೋಲಿಸುವ ಸಂಶೋಧಕರಿಗೆ ಈ ಅಧ್ಯಯನವು ಮಹತ್ವದ್ದಾಗಿದೆ.

ಜೀಬ್ರಾ ಫಿಂಚ್ ಎಂಬ ಪುಟ್ಟ ಹಕ್ಕಿಯಲ್ಲಿ ಗಂಡು ಮಾತ್ರ ಹಾಡುತ್ತದೆ. ಹೆಣ್ಣುಮರಿಗಳಿಗೆ ಹಾರ್ಮೋನುಗಳನ್ನು ನೀಡಿದಾಗ ಅವುಗಳ ಮಿದುಳಿನ ಹಾಡಿನ ಕೇಂದ್ರಗಳು ಗಂಡಿನಲ್ಲಿರುವಂತೆ ಬೆಳೆಯುತ್ತವೆ ಎಂದು ಕೊನಿಶಿ ಮತ್ತು ಮಾರ್ಕ್ ಗರ್ನಿ ೧೯೮೦ರಲ್ಲಿ ಪ್ರಕಟಿಸಿದರು.

ಕಣಜಗೂಬೆ ಮತ್ತು ಶಬ್ದದ ನಕ್ಷೆ

ಕಣಜಗೂಬೆಯು ಸಂಪೂರ್ಣ ಕತ್ತಲಿನಲ್ಲಿಯೂ ಇಲಿಯ ಸದ್ದನ್ನು ಮಾತ್ರ ಆಧರಿಸಿ ಅದನ್ನು ಹಿಡಿಯಬಲ್ಲದು ಎಂಬುದನ್ನು ರೋಜರ್ ಪೇಯ್ನ್ ಎಂಬ ವಿಜ್ಞಾನಿ ಮೊದಲೇ ತೋರಿಸಿದ್ದರು. ಮಿದುಳು ಈ ಕಾರ್ಯವನ್ನು ಹೇಗೆ ಸಾಧಿಸುತ್ತದೆ ಎಂಬುದು ಕೊನಿಶಿಯವರ ಪ್ರಶ್ನೆಯಾಗಿತ್ತು.

ಕಣ್ಣಿನ ಅಕ್ಷಿಪಟಲದ ಮೇಲೆ ಹೊರಜಗತ್ತಿನ ಬಿಂಬ ನೇರವಾಗಿ ಮೂಡುತ್ತದೆ. ಆದುದರಿಂದ ವಸ್ತುವಿನ ಸ್ಥಾನ ಕಣ್ಣಿನಲ್ಲಿಯೇ ದಾಖಲಾಗುತ್ತದೆ. ಕಿವಿಯಲ್ಲಿ ಅಂತಹ ಬಿಂಬವಿಲ್ಲ. ಶಬ್ದ ಬಂದ ದಿಕ್ಕನ್ನು ಎರಡು ಕಿವಿಗಳಿಗೆ ತಲುಪಿದ ಶಬ್ದಗಳ ವ್ಯತ್ಯಾಸದಿಂದ ಮಿದುಳೇ ಲೆಕ್ಕಹಾಕಬೇಕು. ಬಲಗಡೆಯ ಸದ್ದು ಬಲಗಿವಿಗೆ ಕ್ಷಣಾಂಶ ಮೊದಲು ತಲುಪುತ್ತದೆ. ಸೆಕೆಂಡಿನ ಹತ್ತು ಲಕ್ಷದ ಭಾಗಗಳಲ್ಲಿ ಅಳೆಯುವಷ್ಟು ಸೂಕ್ಷ್ಮವಾದ ಈ ಕಾಲವ್ಯತ್ಯಾಸದಿಂದ ಗೂಬೆಯು ಎಡ-ಬಲಗಳನ್ನು ಅರಿಯುತ್ತದೆ. ಅದರ ಎರಡು ಕಿವಿಗಳು ಒಂದೇ ಎತ್ತರದಲ್ಲಿಲ್ಲ; ಹೀಗಾಗಿ ಎರಡೂ ಕಿವಿಗಳಲ್ಲಿನ ಶಬ್ದತೀವ್ರತೆಯ ವ್ಯತ್ಯಾಸದಿಂದ ಮೇಲು-ಕೆಳಗುಗಳನ್ನು ಗುರುತಿಸುತ್ತದೆ.

ಕೊನಿಶಿ ಮತ್ತು ಎರಿಕ್ ಕ್ನುಡ್ಸೆನ್ ಗೂಬೆಯ ಸುತ್ತಲೂ ಧ್ವನಿವರ್ಧಕವನ್ನು ಚಲಿಸುವಂತೆ ಮಾಡಿ, ಅದರ ಮಿದುಳಿನ ನರಕೋಶಗಳ ಪ್ರತಿಕ್ರಿಯೆಗಳನ್ನು ದಾಖಲಿಸಿದರು. ಮಧ್ಯಮಿದುಳಿನ ಒಂದು ಭಾಗದಲ್ಲಿ ಪ್ರತಿಯೊಂದು ನರಕೋಶವೂ ಒಂದು ನಿರ್ದಿಷ್ಟ ದಿಕ್ಕಿನ ಸದ್ದಿಗೆ ಮಾತ್ರ ಪ್ರತಿಕ್ರಿಯಿಸುತ್ತಿತ್ತು. ಅಕ್ಕಪಕ್ಕದ ಕೋಶಗಳು ಅಕ್ಕಪಕ್ಕದ ದಿಕ್ಕುಗಳಿಗೆ ಮೀಸಲಾಗಿದ್ದು, ಒಟ್ಟಾಗಿ ಹೊರಗಿನ ಅವಕಾಶದ ನಕ್ಷೆಯೊಂದನ್ನು ರೂಪಿಸಿದ್ದವು. ೧೯೭೮ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಈ ಶೋಧವು, ಇಂದ್ರಿಯದಲ್ಲಿಲ್ಲದ ನಕ್ಷೆಯನ್ನು ಮಿದುಳು ತಾನೇ ರಚಿಸಬಲ್ಲದು ಎಂಬುದನ್ನು ಸ್ಪಷ್ಟಪಡಿಸಿತು.

ಕಾಲವ್ಯತ್ಯಾಸವನ್ನು ಮಿದುಳು ಅಳೆಯುವ ವಿಧಾನವನ್ನು ಲಾಯ್ಡ್ ಜೆಫ್ರೆಸ್ ೧೯೪೮ರಲ್ಲಿಯೇ ಊಹಿಸಿದ್ದರು: ಎರಡು ಕಿವಿಗಳಿಂದ ಹೊರಟ ಸಂಕೇತಗಳು ಬೇರೆ ಬೇರೆ ಉದ್ದದ ದಾರಿಗಳಲ್ಲಿ ಸಾಗುತ್ತವೆ, ಎರಡೂ ಏಕಕಾಲಕ್ಕೆ ತಲುಪಿದ ಕೋಶವೇ ಹೆಚ್ಚು ಪ್ರಚೋದನೆಗೊಳ್ಳುತ್ತದೆ. ಗೂಬೆಯ ಮಿದುಳಿನಲ್ಲಿ ಇಂತಹ ರಚನೆ ನಿಜವಾಗಿಯೂ ಇದೆ ಎಂಬುದನ್ನು ಕ್ಯಾಥರೀನ್ ಕಾರ್ ಮತ್ತು ಕೊನಿಶಿ ೧೯೮೮ ಹಾಗೂ ೧೯೯೦ರ ಪ್ರಬಂಧಗಳಲ್ಲಿ ತೋರಿಸಿದರು.

ಸಂಶೋಧನಾ ವಿಧಾನ ಮತ್ತು ಪ್ರಭಾವ

ಪ್ರಯೋಗಾಲಯದಲ್ಲಿ ಸುಲಭವಾಗಿ ದೊರೆಯುವ ಪ್ರಾಣಿಗಿಂತ, ಒಂದು ಕಾರ್ಯದಲ್ಲಿ ಅಸಾಧಾರಣ ಸಾಮರ್ಥ್ಯ ಪಡೆದಿರುವ ಪ್ರಾಣಿಯನ್ನೇ ಆರಿಸಿಕೊಳ್ಳುವುದು ಕೊನಿಶಿಯವರ ವಿಧಾನವಾಗಿತ್ತು. ಅವರು ಮೊದಲು ಆ ಪ್ರಾಣಿಯ ಸಹಜ ವರ್ತನೆಯನ್ನು ಸೂಕ್ಷ್ಮವಾಗಿ ಗಮನಿಸಿ, ಅನಂತರ ಅದಕ್ಕೆ ಕಾರಣವಾದ ನರಕೋಶಗಳನ್ನು ಹುಡುಕುತ್ತಿದ್ದರು. ಅವರ ಪ್ರಯೋಗಾಲಯದಿಂದ ಹೊರಬಂದ ಸಂಶೋಧಕರು ಈ ಕಾರ್ಯವನ್ನು ಮುಂದುವರಿಸಿದರು. ದೃಷ್ಟಿಯ ಅನುಭವ ಬದಲಾದಾಗ ಎಳೆಯ ಗೂಬೆಗಳ ಶಬ್ದನಕ್ಷೆಯೂ ಬದಲಾಗುತ್ತದೆ ಎಂದು ಕ್ನುಡ್ಸೆನ್ ಮುಂದೆ ತೋರಿಸಿಕೊಟ್ಟರು.

ಗೌರವಗಳು

೧೯೮೫ರಲ್ಲಿ ಕೊನಿಶಿಯವರು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸದಸ್ಯರಾಗಿ ಆಯ್ಕೆಯಾದರು. ೧೯೯೦ರಲ್ಲಿ ಜಪಾನಿನ ಅಂತರರಾಷ್ಟ್ರೀಯ ಜೀವವಿಜ್ಞಾನ ಪ್ರಶಸ್ತಿಯನ್ನು ಪಡೆದರು. ೨೦೦೫ರಲ್ಲಿ ನರವಿಜ್ಞಾನಕ್ಕಾಗಿ ನೀಡುವ ಗ್ರೂಬರ್ ಪ್ರಶಸ್ತಿಯನ್ನು ಕ್ನುಡ್ಸೆನ್ ಅವರೊಂದಿಗೆ ಹಂಚಿಕೊಂಡರು. ೨೦೨೦ರ ಜುಲೈ ೨೩ರಂದು, ತಮ್ಮ ೮೭ನೆಯ ವಯಸ್ಸಿನಲ್ಲಿ ನಿಧನರಾದರು.