ಕಣ್ಣಿಗೊಂದು ಇಂಗುಗುಂಡಿ

ಗಾಯ ಬೇಗ ಮಾಯಲಿ ಎಂದು ಬಯಸದ ಶಸ್ತ್ರವೈದ್ಯರು ಸಿಗುವುದು ಅಪರೂಪ. ಗ್ಲಾಕೋಮಾಕ್ಕೆ ಶಸ್ತ್ರಚಿಕಿತ್ಸೆ ಮಾಡುವವರು ಅಂಥ ಅಪರೂಪದವರು. ಕಣ್ಣಿನೊಳಗೆ ನಿಮಿಷಕ್ಕೆ ಸುಮಾರು 2 ಮೈಕ್ರೋಲೀಟರಿನಷ್ಟು ತಿಳಿನೀರು ಊರುತ್ತಲೇ ಇರುತ್ತದೆ. ಕರಿಗುಡ್ಡೆಯ ಅಂಚಿನಲ್ಲಿರುವ ಸೂಕ್ಷ್ಮ ಜಾಲರಿಯ ಮೂಲಕ ಹೆಚ್ಚುಕಡಿಮೆ ಅಷ್ಟೇ ನೀರು ಹೊರಹೋಗಬೇಕು. ಆ ದಾರಿ ಕಟ್ಟಿಕೊಂಡರೆ ಒತ್ತಡ ಏರಿ ಕಣ್ಣಿನ ನರ ಸವೆಯುತ್ತದೆ. ಪೊರೆ ಬಂದ ಕಣ್ಣಿನ ಪೊರೆ ತೆಗೆದರೆ ನೋಟ ಮರಳುತ್ತದೆ. ಗ್ಲಾಕೋಮಾದಲ್ಲಿ ಹೋದದ್ದು ಹೋಯಿತು, ಉಳಿದದ್ದನ್ನು ಕಾಯಬೇಕು. ಅದಕ್ಕಾಗಿ ನೀರಿಗೆ ಬೇರೆ ದಾರಿ ಕೊರೆದರೆ ದೇಹ ಅದನ್ನು ಗಾಯವೆಂದೇ ತಿಳಿದು ಮುಚ್ಚಿಬಿಡುತ್ತದೆ. ಈ ಚಿಕಿತ್ಸೆಯ ಚರಿತ್ರೆಯನ್ನು ನಳಿಗೆ ಮತ್ತು ಕವಾಟಗಳು ಸುಧಾರಿಸಿದ ಕಥೆಯೆಂದು ಹೇಳುವುದು ವಾಡಿಕೆ. ಆದರೆ ನಿಜವಾದ ತಿರುವು ಬಂದದ್ದು ವೈದ್ಯರು ಗಾಯದ ಕಲೆಯೊಂದಿಗೆ ಜಗಳ ಬಿಟ್ಟು, ಅದನ್ನೇ ಕೆಲಸಕ್ಕೆ ಹಚ್ಚಿದಾಗ.

ಮೊದಲಿನ ಪ್ರಯತ್ನಗಳೆಲ್ಲ ದಾರಿಯನ್ನು ತೆರೆದಿಡುವ ಹಟದವು. 1907ರಲ್ಲಿ ಫ್ರಾನ್ಸಿನ ರೋಲೆ ಕಣ್ಣಿನ ಮುಂಗೋಣೆಯಿಂದ ಹೊರಕ್ಕೆ ಕುದುರೆಯ ಕೂದಲೊಂದನ್ನು ಬತ್ತಿಯಂತೆ ಇಳಿಬಿಟ್ಟರು. 1912ರಲ್ಲಿ ಇಂಗ್ಲೆಂಡಿನ ಝೋರಬ್ ರೇಷ್ಮೆ ದಾರ ಬಳಸಿದರು. ಇದೇ ಹೊತ್ತಿಗೆ ನಮ್ಮ ಪಕ್ಕದ ಮದ್ರಾಸಿನಲ್ಲಿ, ಎಗ್ಮೋರಿನ ಸರ್ಕಾರಿ ಕಣ್ಣಾಸ್ಪತ್ರೆಯ ಮುಖ್ಯಸ್ಥರಾಗಿದ್ದ ರಾಬರ್ಟ್ ಹೆನ್ರಿ ಎಲಿಯಟ್ ಯಾವ ವಸ್ತುವನ್ನೂ ಒಳಗಿಡದೆ ಕಣ್ಣಿನ ಗೋಡೆಗೆ ದುಂಡನೆಯ ಪುಟ್ಟ ತೂತು ಕೊರೆಯುವ ವಿಧಾನವನ್ನು 1909ರಲ್ಲಿ ಪ್ರಕಟಿಸಿದರು. 1913ರಲ್ಲಿ ಅದರ ಬಗ್ಗೆ ಪುಸ್ತಕವನ್ನೂ ಬರೆದರು. ಆ ವಿಧಾನ ಬಹುಬೇಗ ಜಗತ್ತಿನ ಬೇರೆಡೆಗೂ ಹಬ್ಬಿತು. ಆದರೆ ಕೆಲವರ ತೂತು ಮುಚ್ಚಿತು. ಕೆಲವರಲ್ಲಿ ಮೇಲಿನ ಹೊದಿಕೆ ತೀರಾ ತೆಳುವಾಗಿ ವರ್ಷಗಳ ಮೇಲೆ ಸೋಂಕು ತಗಲಿತು. ದಾರದ ಬದಲು ಚಿನ್ನ, ಪ್ಲಾಟಿನಂ, ಟ್ಯಾಂಟಲಂ ಇಟ್ಟು ನೋಡಿದವರಿಗೂ ಎದುರಾದದ್ದು ಅದೇ ತೊಡಕು: ವಸ್ತು ಕೆಡದೆ ಉಳಿಯುತ್ತಿತ್ತು, ಅದರ ಹೊರತುದಿಯನ್ನು ಕಲೆ ಸುತ್ತಿ ಮುಚ್ಚುತ್ತಿತ್ತು.

ಈ ಗಂಟು ಬಿಚ್ಚಿದವರು ದಕ್ಷಿಣ ಆಫ್ರಿಕಾದ ಆಂಟನಿ ಮೊಲ್ಟೆನೊ. 1969ರಲ್ಲಿ ಅವರು ಪ್ರಕಟಿಸಿದ ಸಾಧನದಲ್ಲಿ ನಳಿಗೆಯ ಹೊರತುದಿಗೆ ಪುಟ್ಟ ಬಿಲ್ಲೆಯೊಂದಿತ್ತು. ಮುಂದೆ ಅದನ್ನು ಉದ್ದ ನಳಿಗೆಯೊಂದಿಗೆ ಕಣ್ಣುಗುಡ್ಡೆಯ ಹಿಂಭಾಗಕ್ಕೆ ಸರಿಸಲಾಯಿತು. ಬಿಲ್ಲೆಯ ಸುತ್ತ ಕಲೆ ಬೆಳೆಯುವುದು ಖಚಿತ. ಬೆಳೆಯಲಿ, ಆದರೆ ಬಿಲ್ಲೆಯ ಅಗಲಕ್ಕೆ ತಕ್ಕಷ್ಟು ಜಾಗ ಬಿಟ್ಟು ಬೆಳೆಯಲಿ ಎಂಬುದು ಇಲ್ಲಿನ ಜಾಣ್ಮೆ. ಕಲೆಯ ಚೀಲದಲ್ಲಿ ನಿಂತ ನೀರು ಅದರ ಗೋಡೆಯ ಮೂಲಕ ನಿಧಾನವಾಗಿ ಇಂಗಿ, ಸುತ್ತಲಿನ ರಕ್ತನಾಳಗಳಿಗೆ ಸೇರುತ್ತದೆ. ಹೊಲದ ಇಂಗುಗುಂಡಿ ಮಾಡುವ ಕೆಲಸವೂ ಇದೇ. ಗುಂಡಿಗೆ ನೀರು ತರುವ ಕಾಲುವೆ ಬೇಕು, ನಿಜ. ಎಷ್ಟು ನೀರು ಇಂಗುತ್ತದೆ ಎಂಬುದನ್ನು ನಿರ್ಧರಿಸುವುದು ಮಾತ್ರ ಗುಂಡಿಯ ಅಗಲ ಮತ್ತು ಮಣ್ಣಿನ ಗುಣ.

ಹಾಗಿದ್ದರೆ ಕವಾಟಗಳು ಯಾಕೆ ಬಂದವು ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಕಲೆ ಬೆಳೆಯುವ ಮೊದಲ ವಾರಗಳಲ್ಲಿ ತಡೆಯುವವರಿಲ್ಲದೆ ನೀರು ಹರಿದು, ಕಣ್ಣು ಮೆತ್ತಗಾಗುವ ಅಪಾಯವಿತ್ತು. 1976ರಲ್ಲಿ ಕ್ರುಪಿನ್, 1993ರಲ್ಲಿ ಅಹ್ಮದ್ ಕವಾಟ ಜೋಡಿಸಿದ್ದು ಅದಕ್ಕಾಗಿ. ಆದರೆ ಕವಾಟದ ಆಳ್ವಿಕೆ ಮುಖ್ಯವಾಗಿ ಆ ವಾರಗಳಿಗೇ ಸೀಮಿತ. 184 ಚದರ ಮಿಲಿಮೀಟರಿನ ಬಿಲ್ಲೆಯ ಅಹ್ಮದ್ ಸಾಧನವನ್ನೂ ಕವಾಟವಿಲ್ಲದ, 350 ಚದರ ಮಿಲಿಮೀಟರಿನ ಬೇರ್‌ವೆಲ್ಟ್ ಸಾಧನವನ್ನೂ 5 ವರ್ಷ ಹೋಲಿಸಿ ನೋಡಿದಾಗ, ಒತ್ತಡ ಹೆಚ್ಚು ಇಳಿದದ್ದು ಅಗಲದ ಬಿಲ್ಲೆಯಲ್ಲೇ. ಒತ್ತಡ ಅತಿಯಾಗಿ ಇಳಿದು ತೊಂದರೆಯಾದದ್ದೂ ಅದರಲ್ಲೇ ಹೆಚ್ಚು. ಅಗಲಕ್ಕೂ ಬೆಲೆ ತೆರಬೇಕು. ಬಿಲ್ಲೆಯಿಲ್ಲದ ಹಳೆಯ ಮಾರ್ಗದ ಸುಧಾರಿತ ರೂಪ, 1968ರಲ್ಲಿ ಕೇರ್ನ್ಸ್ ವಿವರಿಸಿದ ಟ್ರಬೆಕ್ಯುಲೆಕ್ಟಮಿ. ಕಲೆ ಕಟ್ಟದಂತೆ ಮೈಟೊಮೈಸಿನ್ ಔಷಧಿ ಸವರಿ ಮಾಡಿದ ಈ ಶಸ್ತ್ರಚಿಕಿತ್ಸೆಯನ್ನು ಬೇರ್‌ವೆಲ್ಟ್ ನಳಿಗೆಯೊಂದಿಗೆ ಅಮೆರಿಕದ ನೇತೃತ್ವದ ಅಧ್ಯಯನವೊಂದು 212 ಕಣ್ಣುಗಳಲ್ಲಿ ಹೋಲಿಸಿತು. 5 ವರ್ಷಗಳಲ್ಲಿ ನಳಿಗೆ ಸೋತದ್ದು ಶೇ. 29.8, ಟ್ರಬೆಕ್ಯುಲೆಕ್ಟಮಿ ಸೋತದ್ದು ಶೇ. 46.9. ಅವೆಲ್ಲ ಹಿಂದೆಯೇ ಪೊರೆಗೋ ಗ್ಲಾಕೋಮಾಕ್ಕೋ ಶಸ್ತ್ರಚಿಕಿತ್ಸೆ ಆಗಿದ್ದ ಕಣ್ಣುಗಳು ಎಂಬುದನ್ನು ಮರೆಯುವಂತಿಲ್ಲ.

ಪೊರೆಯನ್ನೂ ಜೊತೆಗೇ ತೆಗೆಯಬೇಕೇ ಎಂಬ ಹಳೆಯ ಚರ್ಚೆಯೂ ಇಲ್ಲಿಗೇ ಬಂದು ಸೇರುತ್ತದೆ. ಎರಡನ್ನೂ ಒಟ್ಟಿಗೆ ಮಾಡಿದರೆ ರೋಗಿಗೆ ಒಂದೇ ಸಲದ ನೋವು, ಒಂದೇ ಸಲದ ಖರ್ಚು. ಆದರೆ ಪೊರೆ ತೆಗೆದಾಗ ಏಳುವ ಉರಿಯೂತ ಕಲೆಯನ್ನು ಪ್ರಚೋದಿಸಿ ಹೊಸ ದಾರಿಯನ್ನು ಕೆಡಿಸೀತೆಂಬ ಅಳುಕು ಹಿಂದಿನಿಂದಲೂ ಇದೆ. ಇದಕ್ಕೆ ಎದುರುವಾದವಾಗಿ 2012ರಲ್ಲಿ ಅಮೆರಿಕದಲ್ಲಿ ಮನ್ನಣೆ ಪಡೆದ ಐಸ್ಟೆಂಟ್ ಅನ್ನು ತೋರಿಸಬಹುದು: ಪೊರೆ ತೆಗೆಯುವಾಗಲೇ ಕೂರಿಸುವ, ಬಿಲ್ಲೆಯೇ ಇಲ್ಲದ ಸಣ್ಣ ಕೊಳವೆ ಅದು. ಆದರೆ ಅದು ನೀರನ್ನು ಕಣ್ಣಿನ ಸ್ವಂತ ಕಾಲುವೆಗೇ ಬಿಡುತ್ತದೆ, ಹೊರಗಿನ ಹೊದಿಕೆಯನ್ನು ಮುಟ್ಟುವುದಿಲ್ಲ. ಕಲೆಯ ಸಮಸ್ಯೆಯನ್ನು ಗೆದ್ದದ್ದಲ್ಲ, ಪಕ್ಕಕ್ಕೆ ಸರಿದು ದಾಟಿದ್ದು. ಅದಕ್ಕೇ ಅದು ಹಗುರ ರೋಗಕ್ಕೆ ಸಾಕು, ಬಲಿತ ರೋಗಕ್ಕೆ ಸಾಲದು. ಪೊರೆ ತೆಗೆಯುವಾಗಲೇ ಕೂರಿಸುತ್ತಿದ್ದ ಇನ್ನೊಂದು ಸಣ್ಣ ಕೊಳವೆ ಸೈಪಾಸ್ 2016ರಲ್ಲಿ ಒಪ್ಪಿಗೆ ಪಡೆದು, ಕಾರ್ನಿಯಾದ ಒಳಪದರದ ಜೀವಕೋಶಗಳು ನಷ್ಟವಾಗುವುದು ಕಂಡು 2018ರಲ್ಲಿ ಮಾರುಕಟ್ಟೆಯಿಂದ ಹಿಂದೆ ಸರಿಯಿತು.

ಕಣ್ಣಿನ ಚಿಕಿತ್ಸೆಯ ಸಾಧನಗಳನ್ನು ತಯಾರಿಸುವ ಮದುರೆಯ ಸಂಸ್ಥೆ ಅರೊಲ್ಯಾಬ್ 2013ರ ಸುಮಾರಿಗೆ ಕಡಿಮೆ ಬೆಲೆಯ ಸಾಧನ ತಯಾರಿಸಿದಾಗ ಆಯ್ದುಕೊಂಡದ್ದು ಕವಾಟವನ್ನಲ್ಲ, 350 ಚದರ ಮಿಲಿಮೀಟರಿನ ಬಿಲ್ಲೆಯನ್ನು. ಅಗ್ಗವಾಗಲೆಂದು ಹಾಗೆ ಮಾಡಿದರು ಎನ್ನಬಹುದು; ಕವಾಟ ಬಿಟ್ಟೂ ಕೆಲಸ ನಡೆಯುವುದರಿಂದಲೇ ಅದು ಅಗ್ಗವಾಯಿತು ಎಂಬುದೂ ಅಷ್ಟೇ ನಿಜ. ಮೊದಲ ವಾರಗಳ ಅಪಾಯ ಕಾಯಲು ನಳಿಗೆಗೆ ತಾನಾಗಿ ಕರಗುವ ದಾರ ಬಿಗಿಯುತ್ತಾರೆ. ಐದಾರು ವಾರಗಳಲ್ಲಿ ದಾರ ಕರಗುವ ಹೊತ್ತಿಗೆ ಬಿಲ್ಲೆಯ ಸುತ್ತ ಕಲೆ ಸಿದ್ಧವಾಗಿರುತ್ತದೆ. ಝೋರಬ್ ದಾರ ಇಟ್ಟದ್ದು ಕಲೆ ದಾರಿಯನ್ನು ಮುಚ್ಚದಿರಲೆಂದು. ಇಂದು ದಾರ ಕಟ್ಟುವುದು ಕಲೆ ಬೆಳೆಯುವ ತನಕ ದಾರಿ ಮುಚ್ಚಿರಲೆಂದು.